ನಾಲ್ಕನೇ ಮನೆಯ ಮೀಟರು

'ನಾಲ್ಕರ ಚೀಟಿ ಎಲ್ಲಿತ್ತು, ಏಳರ ಚೀಟಿ ಎಲ್ಲಿತ್ತು... ತಿರುಗಿ ಅಂಟಿಸಿದ್ದು ಸರಿಯಾಯಿತೋ ಇಲ್ಲವೋ. ಯಾರನ್ನು ಕೇಳಲಿ?'

ಆಯುಧಪೂಜೆಯ ದಿನ ಗಾರ್ಗಿ ಡೈರಿಯಲ್ಲಿ ಬರೆದುಕೊಂಡ ಸಾಲು ಇಷ್ಟೇ.

ಅಮೆರಿಕದ ಸನ್ನಿವೇಲ್‌ನ ಆ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಹತ್ತು ಮನೆ. ಹತ್ತೂ ಮನೆಯ ಮೀಟರು ಕೆಳಗಿನ ಒಂದೇ ಕೋಣೆಯಲ್ಲಿ. ಕಾರು, ಮಿಕ್ಸಿ, ಲ್ಯಾಪ್‌ಟಾಪಿಗೆಲ್ಲ ಕುಂಕುಮವಿಟ್ಟು ಮುಗಿಸಿದ ಸುಗುಣಾ ಚಿಕ್ಕಮ್ಮ, "ಮನೆ ನಡೆಸೋದೇ ಕರೆಂಟು, ಅದನ್ನ ಬಿಡೋಕಾಗುತ್ತೇನೇ?" ಎಂದು ಎಲ್ಲಿಂದಲೋ ಬೀಗದಕೈ ತಂದು ಅವಳನ್ನು ಅಲ್ಲಿಗೆ ಕರೆದೊಯ್ದಿದ್ದರು. ತಮ್ಮ ನಾಲ್ಕನೇ ಮನೆಯದು, ಮೇಲಿನ ವೇದವತಿ ಅಜ್ಜಿಯ ಏಳನೇ ಮನೆಯದು, ಎರಡಕ್ಕೂ ಪೂಜೆ. ಮೀಟರುಗಳ ಮೇಲಿದ್ದ ಅಂಕಿಗಳು ಧೂಳಿಗೆ, ತುಕ್ಕಿಗೆ ಮಾಸಿಹೋಗಿದ್ದವು. ಧೂಳು ಒರೆಸಲು ಗಾರ್ಗಿ ಮನೆ ನಂಬರಿನ ಚೀಟಿಗಳನ್ನು ಬಿಡಿಸಿ, ಆಮೇಲೆ ಕುಂಕುಮದ ಕೈಯಲ್ಲೇ ಅಂಟಿಸಿದ್ದಳು.

ಎರಡು ವಾರದ ನಂತರ ಬಾಗಿಲ ಬೆಲ್ಲು ಬಾರಿಸಿತು.

ಎಂ.ಎಸ್. ಮುಗಿಸಿ ಕೆಲಸ ಹುಡುಕುತ್ತಿದ್ದ ಗಾರ್ಗಿ ಒಬ್ಬಳೇ ಇದ್ದಳು. ಬಾಗಿಲ ಕಿಂಡಿಯಲ್ಲಿ ಕಣ್ಣಿಟ್ಟಳು. ಕಿತ್ತಳೆ ಬಣ್ಣದ ಜಾಕೆಟ್ಟು, ಕಂಕುಳಲ್ಲಿ ಹೆಲ್ಮೆಟ್ಟು. ಆ ಯುವಕ ಬಾಗಿಲ ಮೇಲೆ ಚಿಕ್ಕಮ್ಮ ಕನ್ನಡದಲ್ಲಿ ಬರೆದು ಅಂಟಿಸಿದ್ದ 'ಚಪ್ಪಲಿ ಇಲ್ಲೇ ಬಿಡಿ' ಎಂಬುದನ್ನು ತುಟಿ ಅಲುಗಿಸುತ್ತ ಓದಿದ. ನಕ್ಕ. ಕೂತು ಎರಡೂ ಬೂಟುಗಳ ದಾರ ಬಿಚ್ಚತೊಡಗಿದ.

ಅವಳ ಕೈ ಚಿಲಕದ ಮೇಲಿತ್ತು. ಕಿಂಡಿಯಲ್ಲಿ ಅವನ ನಗುವನ್ನು ಇನ್ನೊಮ್ಮೆ ನೋಡಿದಳು... ಆದರೆ ಚಿಲಕ ಸರಿಸಲಿಲ್ಲ.

ಅವನು ಹೋದ ಮೇಲೆ ಹಿಡಿಕೆಗೆ ಒಂದು ಕಾರ್ಡು ನೇತಾಡುತ್ತಿತ್ತು. ಮೀಟರು ಬದಲಿಸಲು ಬಂದಿದ್ದೆವು, ನೀವಿರಲಿಲ್ಲ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಕೆಳಗೆ ದಪ್ಪ ಕನ್ನಡ ಅಕ್ಷರಗಳು: 'ಬೂಟು ಬಿಚ್ಚಿಟ್ಟೇ ಕಾದೆ. ಯಾರೂ ಬರಲಿಲ್ಲ. ನಾಡಿದ್ದು ಬರ್ತೇನೆ. ಯತೀಶ್.'

ಅದೇ ಕಾರ್ಡಿನ ಹಿಂದೆ ಗಾರ್ಗಿ ಉತ್ತರ ಬರೆದಳು. 'ಏಳನೇ ಮನೆಯ ಅಜ್ಜಿಗೆ ಆಕ್ಸಿಜನ್ ಮೆಷಿನ್ ಇದೆ. ಅವರಿಗೆ ಹೇಳದೆ ಆ ಮನೆಯ ಕರೆಂಟು ತೆಗೆಯಬೇಡಿ.' ಚೀಟಿಗಳ ಅನುಮಾನವನ್ನೂ ಬರೆಯಬೇಕೆನಿಸಿತು. ಏನೆಂದುಕೊಳ್ಳುತ್ತಾನೋ ಎಂದು ಅದನ್ನು ಬಿಟ್ಟು, ಕಾರ್ಡನ್ನು ಮತ್ತೆ ಹಿಡಿಕೆಗೆ ನೇತುಹಾಕಿದಳು.

ಹೇಳಿದ ದಿನ ಅವನು ಬಂದ. ಅವಳು ಮತ್ತೆ ಬಾಗಿಲ ಹಿಂದೆ ನಿಂತಳು. ಎರಡನೇ ಕಾರ್ಡಿನಲ್ಲಿ ಇದ್ದದ್ದು ಹೀಗೆ: 'ಏಳನೇ ಮನೆ ಕೊನೆಗೆ ಮಾಡ್ತೇನೆ, ಅಜ್ಜಿಗೆ ಹೇಳಿಯೇ. ಮಾತು ಕೊಟ್ಟೆ. ಬಾಗಿಲ ಕೆಳಗೆ ನಿಮ್ಮ ಕಾಲಿನ ನೆರಳು ಕಾಣ್ತದೆ.'

ಆ ಕಾರ್ಡು ಡೈರಿಯೊಳಗೆ ಸೇರಿತು.

ಮೂರನೇ ಸಲ ಅವನು ಬಂದಾಗ ಬಾಗಿಲು ತೆಗೆದದ್ದು ಚಿಕ್ಕಮ್ಮ.

"ಐದು ನಿಮಿಷ ಕರೆಂಟ್ ಹೋಗ್ತದೆ ಆಂಟಿ."

"ಹೋಗ್ಲಿ ಬಿಡಪ್ಪ, ಕುಕ್ಕರ್ ಗ್ಯಾಸ್ ಮೇಲಿದೆ."

ಗಾರ್ಗಿ ಅಡುಗೆಮನೆಯಲ್ಲಿ ಕಾಯುತ್ತ ನಿಂತಿದ್ದಳು. ಒಂದು ನಿಮಿಷ... ಎರಡು... ಫ್ರಿಜ್ಜು ಗುಂಯ್‌ಗುಡುತ್ತಲೇ ಇತ್ತು. ಮೇಲಿನ ಮನೆಯಿಂದ ಕೀ ಕೀ ಎಂಬ ಸದ್ದು ಶುರುವಾಯಿತು.

ಅಜ್ಜಿಯ ಮೆಷಿನ್!

ಅವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಮೂಲೆಯ ಸಿಲಿಂಡರ್ ಎಳೆದು ತಂದು ಕೊಳವೆ ಸಿಕ್ಕಿಸಿದಳು. ಅಜ್ಜಿಯ ತುಟಿಗೆ ಬಣ್ಣ ಬರುವವರೆಗೂ ಅವರ ಕೈ ಬಿಡಲಿಲ್ಲ.

'ಮಾತು ಕೊಟ್ಟಿದ್ದನಲ್ಲ... ಸುಳ್ಳ.'

ಕೆಳಗೆ ಬಂದಳು. ಮೈಕ್ರೋವೇವಿನ ಗಡಿಯಾರ ಸರಿಯಾದ ಸಮಯವನ್ನೇ ತೋರಿಸುತ್ತಿತ್ತು. ತಮ್ಮ ಮನೆಯ ಕರೆಂಟು ಹೋಗಿಯೇ ಇರಲಿಲ್ಲ. ಅವನು ತೆಗೆದದ್ದು ನಾಲ್ಕು ಎಂದು ಬರೆದಿದ್ದ ಮೀಟರನ್ನೇ, ಆದರೆ ಅದು ಏಳನೇ ಮನೆಯದಾಗಿತ್ತು.

ಆ ಚೀಟಿ ಅಂಟಿಸಿದ್ದು ತನ್ನದೇ ಬೆರಳುಗಳು.

ಚಿಕ್ಕಮ್ಮನಿಗೂ ಅಷ್ಟರಲ್ಲಿ ಅರ್ಥವಾಗಿತ್ತು. ವಿಷಯ ತಿಳಿದ ಯತೀಶ್ ಏದುಸಿರು ಬಿಡುತ್ತ ಅಜ್ಜಿಯನ್ನು ನೋಡಲು ಓಡಿದಾಗ ಅವರು ಮೀಟರು ಕೋಣೆಗೆ ಇಳಿದು ಎರಡೂ ಚೀಟಿಗಳನ್ನು ಸರಿಯಾದ ಜಾಗಕ್ಕೆ ಅಂಟಿಸಿ ಬಂದರು. ಯತೀಶನ ಕಂಪನಿಯ ಮೇಲ್ವಿಚಾರಕ ಬಂದಾಗ ಎಲ್ಲವೂ ಸರಿಯಿತ್ತು. ತಪ್ಪು ಯತೀಶನೊಬ್ಬನದೇ ಎಂದು ತೋರಿತು.

ಅವನು ಬಾಗಿಲಿಗೆ ಬಂದ. ಇಬ್ಬರೂ ಮುಖಾಮುಖಿಯಾದದ್ದು ಅದೇ ಮೊದಲು.

"ಕಾರ್ಡ್ ಬರೆದದ್ದು ನೀವಲ್ವಾ? ನಾನು ನಾಲ್ಕು ಅಂತ ಬರೆದದ್ದನ್ನೇ ತೆಗೆದದ್ದು. ನಿಮ್ಮಲ್ಲಿ ಕರೆಂಟ್ ಹೋಗಿತ್ತಾ ಇಲ್ವಾ, ಒಮ್ಮೆ ನಮ್ಮ ಸೂಪರ್‌ವೈಸರಿಗೆ ಹೇಳಿ."

ಅವಳು ತಿರುಗಿ ಮನೆಯೊಳಗೆ ನೋಡಿದಳು.

"ಹೋಗಿತ್ತಪ್ಪ," ಎಂದರು ಹಿಂದಿನಿಂದ ಚಿಕ್ಕಮ್ಮ.

ಯತೀಶ್ ಗಾರ್ಗಿಯನ್ನೇ ನೋಡಿದ. ಕಾದ. "ಸರಿ ಹಾಗಾದ್ರೆ," ಎಂದು ಬಾಗಿ ಬೂಟಿನ ದಾರ ಕಟ್ಟಿಕೊಂಡ.

ಬಾಗಿಲು ಮುಚ್ಚಿದ ಮೇಲೆ ಚಿಕ್ಕಮ್ಮನ ದನಿ ತಗ್ಗಿತು. "ನಿನ್ನ ವೀಸಾ ಪೇಪರ್ ಇನ್ನೂ ಬಂದಿಲ್ಲ ಗಾರ್ಗಿ. ಬೀಗ ತೆಗೆದು ಒಳಗೆ ಹೋದವರು ನಾವು ಅಂತ ಗೊತ್ತಾದ್ರೆ? ನಿಮ್ಮಮ್ಮಂಗೆ ನಾನೇನು ಹೇಳ್ಲಿ? ಅವನಿಗೆ ಈ ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ."

ಆ ಕಳವಳ ಸುಳ್ಳಲ್ಲ. ಅದಕ್ಕೇ ಗಾರ್ಗಿಗೆ ಇನ್ನೂ ಕಷ್ಟವಾಯಿತು.

ಡೈರಿ ತೆರೆದಳು. ಒಂದಕ್ಷರವೂ ಬರಲಿಲ್ಲ. ಇಷ್ಟು ದಿನ ಹೇಳಬೇಕಾದ್ದನ್ನೆಲ್ಲ ಇದರೊಳಗೇ ಮುಚ್ಚಿಟ್ಟೆನಲ್ಲ... ಇನ್ನು ಸಾಕು.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಅಸೋಸಿಯೇಷನ್ ಮೀಟಿಂಗು. ಅಧ್ಯಕ್ಷ ಶೇಷಗಿರಿಯವರ ಕೈಯಲ್ಲಿ ದೂರಿನ ಕಾಗದ. ಅವರು ಸಹಿ ಹಾಕಿದರೆ ಯತೀಶನ ಕೆಲಸ ಹೋಗುತ್ತಿತ್ತು. ಅವನು ಮೇಲ್ವಿಚಾರಕನ ಪಕ್ಕ ತಲೆ ತಗ್ಗಿಸದೆ ನಿಂತಿದ್ದ.

"ಇಲ್ಲೇ ವಾಲ್ನಟ್ ಕ್ರೀಕ್ ಊರಲ್ಲಿ ಬೆಳೆದ ಹುಡುಗ, ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ವೈರ್ ಹಿಡ್ಕೊಂಡ. ಇನ್ನೇನಾಗುತ್ತೆ," ಎಂದರು ಶೇಷಗಿರಿ ಪೆನ್ನು ತೆಗೆಯುತ್ತ.

"ಸಹಿ ಹಾಕಬೇಡಿ ಅಂಕಲ್."

ಎಲ್ಲರೂ ತಿರುಗಿದರು. ಗಾರ್ಗಿ ಡೈರಿ ಮುಂದೆ ಚಾಚಿದಳು.

"ಇದೇನಮ್ಮ? ಅದನ್ನಿಟ್ಟು ಬಾಯಲ್ಲಿ ಹೇಳು," ಎಂದರು ಶೇಷಗಿರಿ.

ಚಿಕ್ಕಮ್ಮ ಅವಳ ತೋಳು ಹಿಡಿದರು. ಗಾರ್ಗಿ ಆ ಕೈಯನ್ನು ಮೆಲ್ಲಗೆ ಬಿಡಿಸಿದಳು.

"ಆಯುಧಪೂಜೆ ದಿನ ಚೀಟಿ ಅದಲುಬದಲು ಅಂಟಿಸಿದ್ದು ನಾನು. ಇವರು ನಾಲ್ಕು ಅಂತ ಬರೆದಿದ್ದನ್ನೇ ತೆಗೆದ್ರು. ನಮ್ಮನೇಲಿ ಕರೆಂಟ್ ಹೋಗ್ಲೇ ಇಲ್ಲ. ಚೀಟಿ ಆಮೇಲೆ ಸರಿಯಾಯ್ತು. ನಂಬದಿದ್ರೆ ಎರಡೂ ಬಿಡಿಸಿ ನೋಡಿ, ಅಡಿಯಲ್ಲಿ ಕುಂಕುಮ ಇರುತ್ತೆ." ಅವಳು ಡೈರಿ ಮುಚ್ಚಿದಳು. "ನನ್ನ ಪೇಪರಿಗೆ ತೊಂದರೆಯಾದ್ರೆ ಆಗ್ಲಿ. ನನ್ನ ತಪ್ಪಿಗೆ ಇವರು ಕೆಲಸ ಕಳ್ಕೊಳ್ಳೋದು ಬೇಡ."

ಶೇಷಗಿರಿ ಕೆಮ್ಮಿದರು. "ಮೀಟರಿಗೂ ಕುಂಕುಮ ಇಡ್ತಾರೇನಮ್ಮ?"

"ಹೋದ ವರ್ಷ ನಿನ್ನ ಟೆಸ್ಲಾ ಕಾರಿಗೆ ನಿಂಬೆಹಣ್ಣು ಕಟ್ಟಿರ್ಲಿಲ್ವೇನೋ?" ವೇದವತಿ ಅಜ್ಜಿ ಮೇಲಿನ ಬಾಲ್ಕನಿಯಿಂದಲೇ ಕೇಳಿದರು. "ಉಸಿರು ನಿಂತಿದ್ದು ನಂದು. ಮೊದಲು ಓಡಿ ಬಂದಿದ್ದು ಈ ಹುಡುಗಿ, ಹಿಂದೇನೇ ಆ ಹುಡುಗ. ದೂರು ಕೊಡಬೇಕಾದವಳು ನಾನು, ಕೊಡಲ್ಲ ಹೋಗು."

ಮೇಲ್ವಿಚಾರಕ ಕೋಣೆಗೆ ಹೋಗಿ ಎರಡು ಚೀಟಿಗಳನ್ನು ಬಿಡಿಸಿ ತಂದ. ಅಂಟಿನ ತುಂಬ ಕೆಂಪು. ಶೇಷಗಿರಿ ಕಾಗದವನ್ನು ಮಡಚಿ ಜೇಬಿಗಿಟ್ಟರು. ಸುಗುಣಾ ಚಿಕ್ಕಮ್ಮ ಬಂದು ಗಾರ್ಗಿಯ ಪಕ್ಕ ನಿಂತರು. "ಬೀಗ ತೆಗೆದಿದ್ದು, ಆಮೇಲೆ ಚೀಟಿ ಬದಲಿಸಿದ್ದು ನಾನು. ಅದನ್ನೂ ಬರ್ಕೊಳ್ಳಿ," ಎಂದರು ಸಿಡುಕುತ್ತ.

ಜನ ಚದುರಿದರು. ಯತೀಶ್ ಹತ್ತಿರ ಬಂದ.

"ಮೊನ್ನೆ ನಿಮ್ಮ ಮೇಲೆ ತುಂಬ ಸಿಟ್ಟು ಬಂದಿತ್ತು."

"ನನಗೂ. ನನ್ನ ಮೇಲೇ."

"ನಾಲ್ಕನೇ ಮನೆಯದು ಇನ್ನೂ ಬಾಕಿ." ಅವನು ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಸೋಮವಾರ ಬರ್ತೇನೆ. ಬಾಗಿಲು ತೆಗೀತೀರಾ, ಇಲ್ಲ ಕಾರ್ಡ್ ಹಾಕಿ ಹೋಗ್ಬೇಕಾ?"

"ಕಾರ್ಡ್ ಬೇಡ."

"ಎರಡು ಸಲ ಬೂಟು ಬಿಚ್ಚಿದ್ದೇನೆ ಮಾರಾಯ್ರೆ. ಒಳಗೇ ಇದ್ದು ಯಾಕೆ ತೆಗೀಲಿಲ್ಲ?"

ಡೈರಿಯಲ್ಲೂ ಅವಳು ಅದನ್ನು ಬರೆದಿರಲಿಲ್ಲ. ಗಾರ್ಗಿ ತಲೆಯೆತ್ತಿ ಅವನ ಕಣ್ಣನ್ನೇ ನೋಡಿದಳು.

"ತೆಗೆದ್ರೆ ನೀವು ಕೆಲಸ ಮುಗಿಸಿ ಹೋಗಿಬಿಡ್ತಿದ್ರಿ. ನೀವು ಮತ್ತೆ ಬರ್ಲಿ ಅಂತ ತೆಗೀಲಿಲ್ಲ."