ತಗ್ಗಿದ ಟಾರ್ಪಾಲು

ಟಾರ್ಪಾಲಿನ ಅಂಚಿಗೆ ತಲೆ ತಗುಲಿ ಪೀಟಿ ಮೇಷ್ಟ್ರ ಟೋಪಿ ಫುಟ್‌ಪಾತಿನ ಮೇಲೆ ಉರುಳಿತು. ರಸ್ತೆ ಸುರಕ್ಷತೆಯ ಪಾಠಕ್ಕೆಂದು ಫುಟ್‌ಪಾತ್ ಅಳೆಯಲು ಅಳತೆಕೋಲು ಹಿಡಿದು ಹಿಂದೆ ಸಾಲಾಗಿ ಬರುತ್ತಿದ್ದ ಮಕ್ಕಳೆಲ್ಲ ಕಿಸಕ್ಕನೆ ನಕ್ಕರು. ಗುಬ್ಬಿ ಮಾತ್ರ ನಗಲಿಲ್ಲ. ಅದು ಅವಳ ಅಪ್ಪನ ಬ್ಯಾಗ್ ರಿಪೇರಿ ಅಂಗಡಿ.

“ಸಾರ್, ನಮಗೆ ಅಳತೆಕೋಲೇ ಬೇಡ, ನೀವೇ ಸಾಕು,” ಎಂದ ಪಟಾಕಿ. ಅವನ ಬಾಯಿ ನೋಡಿ ತರಗತಿಯೇ ಇಟ್ಟ ಹೆಸರದು.

ಮೇಷ್ಟ್ರೂ ನಕ್ಕರು. “ಬೋರ್ಡಾಗಲಿ, ಟಾರ್ಪಾಲಾಗಲಿ, ಅದರ ಕೆಳಗೆ ನಡೆಯೋರು ಯಾರೂ ತಲೆ ಬಗ್ಗಿಸೋ ಹಾಗಿರಬಾರದು. ಕ್ಲಾಸಲ್ಲಿ ಓದಿದ ರೂಲ್ ಇದೇ ನೋಡಿ.”

ಟಾರ್ಪಾಲಿನ ತುಂಬ ಹಳೆಯ ಬ್ಯಾಗುಗಳ ಬಣ್ಣಬಣ್ಣದ ತೇಪೆಗಳು.

“ಅಂಗಡಿನೇ ರಿಪೇರಿಗೆ ಬಂದಿದೆಯಲ್ಲೋ. ಯಾರದೇ ಇದು, ನಿಂಗೊತ್ತಾ?” ಪಟಾಕಿ ಗುಬ್ಬಿಯತ್ತ ತಿರುಗಿದ.

ಗುಬ್ಬಿ ಮುಖ ಬೇರೆಡೆ ತಿರುಗಿಸಿದಳು. “ನಂಗೊತ್ತಿಲ್ಲ.”

ಒಳಗೆ ಹೊಲಿಗೆ ಯಂತ್ರದ ಸದ್ದು ಥಟ್ಟನೆ ನಿಂತಿತು. ಅಪ್ಪ ಎದ್ದು ಬಂದರು. ಅವರ ನೋಟ ಒಂದು ಗಳಿಗೆ ಅವಳ ಮೇಲೆ ನಿಂತು, ಅಪರಿಚಿತರ ಮುಖ ದಾಟುವಂತೆ ಮುಂದೆ ಸರಿಯಿತು. ಟೋಪಿಯನ್ನೆತ್ತಿ, ಧೂಳು ಕೊಡವಿ, ಮೇಷ್ಟ್ರ ಕೈಗಿತ್ತರು.

“ತಪ್ಪಾಯ್ತು ಸಾರ್. ಪೆಟ್ಟಾಯ್ತಾ?”

“ಇಲ್ಲ, ಬಿಡಿ. ಇಷ್ಟು ಕೆಳಗೆ ಯಾಕೆ ಕಟ್ಟಿದ್ರಿ?”

“ಸಂಜೆ ಬಿಸಿಲು ನೇರ ಒಳಗೆ ಬೀಳುತ್ತೆ. ಅದಕ್ಕೇ ಇಳಿಸಿದ್ದೆ. ಇವತ್ತೇ ಎತ್ತಿ ಕಟ್ತೀನಿ.”

“ಬಿಸಿಲಿಗೆ ಜಿಪ್ ಕರಗುತ್ತೇನೋ,” ಎಂದು ಪಟಾಕಿ ಪಿಸುಗುಟ್ಟಿದ. ಮತ್ತೆ ನಗು.

ಬಿಸಿಲು ಯಾರ ಕಣ್ಣಿಗೆ ಬೀಳುತ್ತಿತ್ತೆಂದು ಅಪ್ಪ ಹೇಳಲಿಲ್ಲ. ಹೊಸ್ತಿಲ ಬಳಿಯ ಸ್ಟೂಲಿನಲ್ಲಿ ಕೂತು ದಿನವೂ ಹೋಂವರ್ಕ್ ಮಾಡುವವಳು ಗುಬ್ಬಿ. ಈ ಶಾಲೆಗೆ ಸೇರಿದ ಹೊಸದರಲ್ಲಿ, “ಅಪ್ಪಾ, ಅಕ್ಷರಾನೇ ಕಾಣಲ್ಲ,” ಎಂದು ಗೊಣಗಿದವಳೂ ಅವಳೇ. ಅಪ್ಪ ಅಂದೇ ಕೈಯ ಕೆಲಸ ಬಿಟ್ಟೆದ್ದು ಹಗ್ಗ ಸಡಿಲಿಸಿದ್ದರು. ಅಂದಿನಿಂದ ಬೀದಿಯಲ್ಲಿ ಹೋಗುವವರಿಗೆ ಅವಳು ಕಂಡದ್ದೇ ಇಲ್ಲ.

ಈಗಲಾದರೂ ಬಾಯಿ ಬಿಡಬಹುದಿತ್ತು. ಸಾಲು ಮುಂದೆ ಸಾಗಿತು. ಅವಳೂ ಸಾಗಿದಳು, ನೆಲವನ್ನೇ ನೋಡುತ್ತ.

ಶಾಲೆ ಬಿಟ್ಟು ಬಂದಾಗ ಟಾರ್ಪಾಲು ಎತ್ತರಕ್ಕೇರಿತ್ತು. ಅಂಗಡಿಯೆಲ್ಲ ಬಿಸಿಲು.

“ಬಾ ಗುಬ್ಬಿ,” ಎಂದರು ಅಪ್ಪ, ತಲೆಯೆತ್ತದೆ. “ಸ್ಟೂಲ್ ಒಳಗಡೆ ಮೂಲೇಲಿ ಇಟ್ಟಿದೀನಿ. ಅಲ್ಲಿ ಬಿಸಿಲು ಬರಲ್ಲ. ಹೊರಗಿನೋರಿಗೂ ಕಾಣಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

ಗುಬ್ಬಿ ಮೂಲೆಗೆ ಹೋದಳು. ಸ್ಟೂಲನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಮತ್ತೆ ಹೊಸ್ತಿಲ ಬಳಿಯೇ ಇಟ್ಟು, ಬೀದಿಗೆ ಮುಖ ಮಾಡಿ ಕೂತಳು.

ಹಿಂದೆ ಯಂತ್ರ ನಿಂತಿತು.

“ಕಣ್ಣಿಗೆ ಹೊಡೆಯಲ್ವಾ ಮಗಳೇ?”

“ಹೊಡೆಯುತ್ತೆ ಅಪ್ಪ. ಇರಲಿ.”

ಪುಸ್ತಕದ ಹಾಳೆ ಬೆಳ್ಳಗೆ ಹೊಳೆಯಿತು; ಒಂದಕ್ಷರವೂ ಕಾಣಲಿಲ್ಲ. ಪಟಾಕಿ ಟ್ಯೂಷನ್ನಿಗೆ ಇದೇ ದಾರಿಯಲ್ಲಿ ಬರುವ ಹೊತ್ತದು. ಗುಬ್ಬಿ ಮುಖಕ್ಕೆ ಕೈ ಅಡ್ಡ ಹಿಡಿಯಲಿಲ್ಲ. ಬೀದಿಯ ತಿರುವನ್ನೇ ನೋಡುತ್ತ ಕಾದಳು.

ಸ್ವಲ್ಪ ಹೊತ್ತಿಗೆ ಹಿಂದೆ ಯಂತ್ರ ಮೆಲ್ಲಗೆ ಓಡತೊಡಗಿತು.