ಸದ್ದು ಮಾಡದ ಅಂಗಿ

ಪ್ರಸಾರ ಮುಗಿದು ಕೆಂಪು ದೀಪ ಆರಿತು. ಪಿಯಾನೊ ಬಿಟ್ಟೆದ್ದ ಗಾಯಕಿ ಶ್ರೀಮತಿ ಡೆಲಫೀಲ್ಡ್ ಹಿಂದಿನ ಮೇಜಿನತ್ತ ತಿರುಗಿದರು. ಮಖಮಲ್ಲಿನ ಮೆತ್ತೆ ಇತ್ತು. ಅದರ ಮೇಲಿಟ್ಟ ಮುತ್ತಿನ ಹಾರ ಇರಲಿಲ್ಲ.

ಲಂಡನ್ನಿನ ಆ ಬಾನುಲಿ ಕೇಂದ್ರದಲ್ಲಿ ಸದ್ದು ಮಾಡುವ ಒಡವೆ ಮೈಕಿನ ಬಳಿ ನಿಷಿದ್ಧ. ಪ್ರತಿ ಗುರುವಾರವೂ ಆಕೆ ಹಾರವನ್ನು ಹೀಗೆಯೇ ತೆಗೆದಿಟ್ಟು ಹಾಡುತ್ತಿದ್ದರು. ಅಂದು ಬೀಗ ಹಾಕಿದ ಸ್ಟುಡಿಯೊದಲ್ಲಿ ಆಕೆಯ ಬೆನ್ನ ಹಿಂದಿದ್ದವರು ಇಬ್ಬರೇ: ಉದ್ಘೋಷಕ ಕತ್‌ಬರ್ಟ್ ವೇನ್, ಮತ್ತು ಮೂಲೆಯಲ್ಲಿ ಗೋಡೆಗೆ ಮುಖಮಾಡಿ, ಸನ್ನೆಯ ದೀಪವನ್ನೇ ನೋಡುತ್ತ, ಹಾಡಿನ ನಂತರದ ನಾಟಕಕ್ಕೆ ತಗಡು ಅಲುಗಿಸಿ ಗುಡುಗು ಹುಟ್ಟಿಸಬೇಕಿದ್ದ ವಿಲ್ಫ್ ಸಗ್ಡನ್.

ಕೇಂದ್ರದ ಕಟ್ಟಳೆಯಂತೆ ಸಂಜೆಯಾದ ಮೇಲೆ ಮೈಕಿನಲ್ಲಿ ಓದುವವನು ಔತಣಕ್ಕೆ ಹೊರಟವನಂತಿರಬೇಕು—ಕಪ್ಪು ಕೋಟು, ಬೋ, ಗಂಜಿ ಹಾಕಿ ಹಲಗೆಯಂತಾದ ಬಿಳಿ ಅಂಗಿ. ಕೇಳುವವರಿಗೆ ಇದಾವುದೂ ಕಾಣದೆಂಬುದು ಅಲ್ಲಿ ಯಾರಿಗೂ ಅಡ್ಡಿಯೆನಿಸಿರಲಿಲ್ಲ. ವಿಲ್ಫನ ಮೆತ್ತನೆಯ ಅಂಗಿ ಕಣ್ಣಿಗೆ ಚುಚ್ಚುತ್ತದೆಂದು ದೂರಿ, ಅವನನ್ನು ಚಹಾ ಕೋಣೆಯಿಂದ ಹೊರಹಾಕಿಸಿದವನು ಇದೇ ವೇನ್.

ಇನ್‌ಸ್ಪೆಕ್ಟರ್ ಗ್ಯಾರಡ್ ಬರುವಷ್ಟರಲ್ಲಿ ತಾನೂ ಗಂಜಿ ಅಂಗಿಯಲ್ಲೇ ಇದ್ದ ಕೇಂದ್ರದ ಮುಖ್ಯಸ್ಥ ಮೇಜರ್ ಆರ್ಮರಾಡ್ ತೀರ್ಪು ಕೊಟ್ಟಾಗಿತ್ತು.

"ಇದರಲ್ಲಿ ಪತ್ತೆ ಮಾಡೋಕೆ ಏನಿದೆ? ಇವನೇ ಕಳ್ಳ," ಎಂದರು ವಿಲ್ಫನತ್ತ ಬೆರಳು ಮಾಡಿ.

"ಹೇಗೆ ಹೇಳ್ತೀರಿ?"

"ಗಂಜಿ ಅಂಗಿ ತೊಟ್ಟು ಬಗ್ಗಿದ್ರೆ ಕರಕರ ಅನ್ನುತ್ತೆ. ಹೊರಗೆ ರೇಡಿಯೊ ಮುಂದೆ ಕೂತು ಪೂರ್ತಿ ಕೇಳಿದೀನಿ—ಹಾಡು ಬಿಟ್ರೆ ಒಂದು ಸದ್ದಿಲ್ಲ. ಸದ್ದಿಲ್ಲದೆ ಆ ಮೇಜಿಗೆ ಬಗ್ಗೋಕಾಗೋದು ಈ ಚಿಂದಿ ಅಂಗಿಯವನಿಗೆ ಮಾತ್ರ."

"ಹೆಜ್ಜೆ ಸದ್ದು?"

"ಇಲ್ಲಿ ಎಲ್ಲರಿಗೂ ಉಣ್ಣೆ ಮೆಟ್ಟೇ."

ವಿಲ್ಫನಿಗೆ ಗೊತ್ತಾಯಿತು: ಕೆಲಸವಂತೂ ಹೋಯಿತು, ಮುಂದಿನದು ಜೈಲು.

"ಬಿಚ್ಚೋ," ಎಂದರು ಮೇಜರ್.

ಗಾಯಕಿ ಮುಖ ತಿರುಗಿಸಿದರು. ವಿಲ್ಫ್ ಅಂಗಿ ಕಳಚಿ ನೆಲಕ್ಕೆ ಹಾಕಿ ನಿಂತ. ಹಾರ ಸಿಗಲಿಲ್ಲ. ವೇನ್‌ನನ್ನು ಜೇಬು ತೋರಿಸಿದರೆ ಸಾಕೆಂದು ಬಿಟ್ಟರು. ಸಭ್ಯರ ಮೈ ತಡವುವುದು ಅಸಭ್ಯವಂತೆ. ಗೋಡೆಯ ದಪ್ಪ ಪರದೆಗಳನ್ನು ಕೊಡವಿದರು. ಬಿದ್ದದ್ದು ಧೂಳು.

"ನುಂಗಿದಾನೋ ಏನೋ. ಹೊಟ್ಟೆಗಿಲ್ಲದ ಜನ," ಎಂದ ವೇನ್. ಕಾಲಬುಡದಲ್ಲಿದ್ದ ಅಂಗಿಯನ್ನು ಬಗ್ಗಿ ಎರಡೇ ಬೆರಳಲ್ಲಿ ಎತ್ತಿ, ಸತ್ತ ಇಲಿಯೆಂಬಂತೆ ವಿಲ್ಫನತ್ತ ಎಸೆದ. "ಮುಚ್ಕೊಳ್ಳಯ್ಯ, ಹೆಂಗಸರಿದಾರೆ."

ಗ್ಯಾರಡ್ ತಲೆಯೆತ್ತಿದ.

"ಮಿಸ್ಟರ್ ವೇನ್, ಇನ್ನೊಂದ್ಸಲ ಬಗ್ಗಿ."

"ಏನಂದ್ರಿ?"

"ಈಗ ಬಗ್ಗಿದ್ರಲ್ಲ, ಹಾಗೇ. ಬೇಡ್ವಾ? ಹಾಗಾದ್ರೆ ನಿಮ್ಮ ಅಂಗೀನೂ ಬಿಚ್ಚಿ."

"ನಾನಾ? ಇವನ ಮುಂದೆ?"

"ಅವನು ನಿಮ್ಮ ಮುಂದೆ ಬಿಚ್ಚಲಿಲ್ವಾ?"

ವೇನ್ ಕದಲಲಿಲ್ಲ. ಗ್ಯಾರಡ್ ಅವನ ಎದೆಯ ಗುಂಡಿ ಬಿಚ್ಚಿ ಅಂಗಿಯೊಳಗೆ ಕೈಹಾಕಿ ಎಳೆದ. ಮುತ್ತಿನ ಹಾರ ಹೊರಬಂತು.

"ನಿಮ್ಮ ತರ್ಕ ಸರಿಯಾಗೇ ಇತ್ತು, ಮೇಜರ್," ಎಂದ ಗ್ಯಾರಡ್. "ಸದ್ದಿಲ್ಲದೆ ಬಗ್ಗಬಲ್ಲವನೇ ಕಳ್ಳ. ಆದ್ರೆ ಕಪ್ಪು ಕೋಟು ಕಂಡ ತಕ್ಷಣ ಒಳಗಿರೋದು ಗಂಜಿ ಅಂಗಿ ಅಂತ ನೀವೇ ನಂಬಿಬಿಟ್ರಿ. ಈಗ ನಿಮ್ಮ ಕಣ್ಣೆದುರೇ ವೇನ್ ಬಗ್ಗಿದ, ಕರಕರ ಕೇಳಿಸ್ತಾ? ಹೊಟ್ಟೆ ಹತ್ರ ಮಡಿಕೆ ನೋಡಿ—ಹಲಗೆಗೆ ಮಡಿಕೆ ಬೀಳುತ್ತಾ? ಕದಿಯೋದಕ್ಕೆ ಅಂತಲೇ ಇವತ್ತು ಮೆತ್ತನೇದು ತೊಟ್ಟು ಬಂದಿದಾನೆ. ಗಂಜಿ ಅಂಗಿಯೊಳಗೆ ಮುತ್ತು ಇಳಿಬಿಟ್ಟಿದ್ರೆ ತಗಡಿನ ಮೇಲೆ ಬಟಾಣಿ ಸುರಿದ ಹಾಗಿರ್ತಿತ್ತು. ವಿಲ್ಫನ ಅಂಗಿ ಎತ್ತಿ ಎಸೆಯೋ ಕೊಬ್ಬು ಇಲ್ದಿದ್ರೆ ದಕ್ಕಿಸ್ಕೊಂಡಿರ್ತಿದ್ದ."

ಮೇಜರ್ ಹಾರದತ್ತ ನೋಡಲೇ ಇಲ್ಲ.

"ಮೆತ್ತನೆ ಅಂಗಿ," ಎಂದರು ಕುಗ್ಗಿದ ದನಿಯಲ್ಲಿ. "ನಮ್ಮ ಮೈಕಿನ ಮುಂದೆ. ವೇನ್, ನೀನೂನಾ?"

ಪೊಲೀಸರು ವೇನ್‌ನನ್ನು ಕರೆದೊಯ್ದರು. ವಿಲ್ಫ್ ನಿಧಾನವಾಗಿ ಗುಂಡಿ ಹಾಕಿಕೊಳ್ಳುತ್ತಿದ್ದ. ಅವನಿಗೊಂದು ಮಾತು ಸಲ್ಲಬೇಕೆಂದು ಮೇಜರಿಗೆ ತೋಚಿದಂತಿತ್ತು.

"ಏಯ್, ಮುಂದಿನ ನಾಟಕಕ್ಕೆ ಗುಡುಗು ಬೇಕು. ತಗಡು ಹಿಡ್ಕೋ."

ವಿಲ್ಫ್ ತಗಡನ್ನು ಗೋಡೆಗೆ ಒರಗಿಸಿ, ಕೇಂದ್ರದ ಉಣ್ಣೆಯ ಮೆಟ್ಟು ಕಳಚಿಟ್ಟು ಬಾಗಿಲತ್ತ ತಿರುಗಿದ.

"ನೀವೇ ಬಗ್ಗಿ ಬಗ್ಗಿ ಎದ್ದೇಳಿ, ಸರ್," ಎಂದ. "ನಿಮ್ಮ ಅಂಗಿ ಸದ್ದೇ ಸಾಕಾಗುತ್ತೆ."