ಅಂಗೈ ಅಗಲದ ಅಮ್ಮ

ಹದಿನಾಲ್ಕನೇ ತಾರೀಕು ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಹೆಸರಾಂತ ಚಿತ್ರಕಾರರೊಬ್ಬರು ಠಾಣೆಗೆ ಬಂದು ದೂರು ಕೊಟ್ಟರು. ತೀರಿಹೋದ ತಾಯಿಯ ಪಾರ್ಶ್ವಮುಖ ಕೊರೆದಿದ್ದ ತಾಮ್ರದ ತಗಡನ್ನು ಯಾರೋ ಹಾಳುಮಾಡಿದ್ದರು. ಪ್ರದರ್ಶನಕ್ಕೆ ಮೂರೇ ದಿನ. ಅಚ್ಚಾಗಿದ್ದದ್ದು ಒಂದೇ ಪ್ರತಿ. ತಗಡು ಅಂಗೈ ಅಗಲ, ದೂರು ಮಾತ್ರ ಮಾರುದ್ದ ಎಂದುಕೊಳ್ಳುತ್ತಲೇ ಇನ್‌ಸ್ಪೆಕ್ಟರ್ ಎಫ್‌ಐಆರ್ ಬರೆಸಿದರು.

ಹನ್ನೊಂದೂವರೆಗೆ ಅಚ್ಚುಮನೆಯಲ್ಲಿ ಪಂಚನಾಮೆ ಶುರುವಾಯಿತು. ಬೀಗ ಮುರಿದಿರಲಿಲ್ಲ. ತಗಡಿನಿಂದ ಚಿತ್ರ ಅಚ್ಚುಹಾಕುವ ಈ ಮೆಜೊಟಿಂಟ್ ಕಲೆಯ ತಲೆಬುಡ ಇನ್‌ಸ್ಪೆಕ್ಟರಿಗೆ ತಿಳಿಯದು. ಅಲ್ಲಿ ತಗಡು ಸಿದ್ಧಮಾಡುತ್ತಿದ್ದ ಚಿತ್ರಕಾರರ ತಂಗಿಯೇ ಬಿಡಿಸಿ ಹೇಳಿದಳು.

"ಹಲ್ಲಿರೋ ಉಳಿಯಿಂದ ಮೊದಲು ತಗಡನ್ನೆಲ್ಲ ಒರಟು ಮಾಡ್ಬೇಕು ಸಾರ್. ಆ ಒರಟಲ್ಲಿ ಮಸಿ ನಿಲ್ಲುತ್ತೆ, ಅಚ್ಚು ಕಪ್ಪಗೆ ಬರುತ್ತೆ. ಬೆಳಕು ಬೇಕಾದ ಕಡೆ ಉಜ್ಜಿ ನುಣ್ಣಗೆ ಮಾಡೋದು."

"ಈಗ ಇದನ್ನ ಅಚ್ಚು ಹಾಕಿದ್ರೆ?"

"ಮುಖ ಇರಲ್ಲ. ಬರೀ ಬಿಳಿ."

ಮುಖವನ್ನು ಉಜ್ಜಿ ಅಳಿಸಿದವರು ತಗಡಿಗೆ ಕಿಲುಬು ಹಿಡಿಯದಂತೆ ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ, ಗೂಡಿನಲ್ಲೇ ಇಟ್ಟಿದ್ದರು. "ಕೊಂದು ಹೊದಿಕೆ ಹೊದಿಸಿದ ಹಾಗಿದೆ ಸಾರ್," ಎಂದ ಕಾನ್‌ಸ್ಟೇಬಲ್. ಹೊರಗಿನವರ ಕೆಲಸವಲ್ಲವೆಂಬುದು ಇನ್‌ಸ್ಪೆಕ್ಟರಿಗೆ ಖಾತ್ರಿಯಾಯಿತು.

ಪಂಚನಾಮೆಗೆ ಚಿತ್ರದ ಗುರುತು ಬೇಕಿತ್ತು. ಉಳಿದಿದ್ದ ಪ್ರತಿಯಲ್ಲಿ ಮುದುಕಿಯ ಕಿವಿಯ ಹಾಲೆ ಓಲೆಯ ಭಾರಕ್ಕೆ ಹರಿದದ್ದು ಕಾಣುತ್ತಿತ್ತು. "ತಾಯಿಯವರ ಯಾವ ಕಿವಿ ಇದು?"

"ಬಲಗಿವಿ. ಕಾಣ್ತಿದೆಯಲ್ಲ," ಎಂದರು ಚಿತ್ರಕಾರರು.

"ಎಡಗಿವಿ!" ತಂಗಿ ತಡೆಯಲಾರದೆ ಅಂದಳು. "ಅಚ್ಚಲ್ಲಿ ಎಡ ಬಲ ಆಗುತ್ತೆ. ಅಮ್ಮನ್ನ ನೋಡ್ತಾ ನೇರ ತಗಡಿನ ಮೇಲೇ ಕೊರೆದೆ ನಾನು."

ಆಡಿದ ಮಾತು, ಒಡೆದ ಮುತ್ತು. ಆಕೆಯ ಮುಖ ಕಪ್ಪಿಟ್ಟಿತು.

"ಸಹಿ ಅಣ್ಣನದಿದೆಯಲ್ಲಮ್ಮ?"

"ಹನ್ನೆರಡು ವರ್ಷದಿಂದ ಎಲ್ಲದಕ್ಕೂ ಅವನದೇ ಸಾರ್. ಸುಮ್ನಿದ್ದೆ. ಇದೊಂದಕ್ಕೆ ಬೇಡ ಕಣೋ ಅಂತ ಕಾಲು ಹಿಡ್ಕೊಂಡೆ."

"ಅಳಿಸಿದ್ದೂ ನೀವೇನಾ?"

"ಹೂಂ."

ಸಂಜೆ ನಾಲ್ಕು ನಲವತ್ತಕ್ಕೆ ಬಂಧನ. ಜೀಪಿನ ಬಳಿ ಅಣ್ಣ ದನಿ ತಗ್ಗಿಸಿದರು. "ಕೇಸು ವಾಪಸ್ ತಗೋತೀನಿ. ಇನ್ನೊಂದು ಮಾಡ್ಕೊಡ್ತೀಯಾ?"

"ನೀನೇ ಮಾಡ್ಕೋ, ಮುಖ ನೆನಪಿದ್ರೆ," ಎಂದು ಆಕೆ ಜೀಪು ಹತ್ತಿದಳು.

ಕಾರಣದ ಕಾಲಂನಲ್ಲಿ ಇನ್‌ಸ್ಪೆಕ್ಟರ್ 'ಕೌಟುಂಬಿಕ ವೈಷಮ್ಯ' ಎಂದು ಬರೆದು, ಬರೆದದ್ದಕ್ಕೆ ತಾವೇ ನಾಚಿದರು. ಹಾಸಿಗೆ ಹಿಡಿದ ತಾಯಿಯ ಪಕ್ಕ ಎಂಟು ತಿಂಗಳು ಕೂತು ಆಕೆ ಅದನ್ನು ಕೊರೆದಿದ್ದಳು. ಆ ಎಂಟು ತಿಂಗಳಲ್ಲಿ ಮಗ ಬಂದದ್ದು ಎರಡು ಸಲ. ಎರಡನೇ ಸಲ ಬಂದದ್ದು ತಗಡು ಒಯ್ಯಲು.